ತಾಯಿಯ ಕೈಗೆ ಬಂದ ಹಣ

ನೆಲೆ ತಪ್ಪಿ ಬಂದವರಿಗೆ ಏನನ್ನು ಕೊಡಬೇಕು ಎಂಬ ಪ್ರಶ್ನೆಗೆ ಲೋಕದಲ್ಲಿ ಬಹುಕಾಲ ಒಂದೇ ಉತ್ತರವಿತ್ತು: ಗಂಜಿ, ಕಂಬಳಿ, ತಲೆಯ ಮೇಲೊಂದು ಗುಡಾರ. ಹಣವನ್ನು ಮಾತ್ರ ಕೊಡಬಾರದು. ಕೊಟ್ಟರೆ ಗಂಡಸರು ಕುಡಿದು ಕಳೆಯುತ್ತಾರೆ, ಹೆಂಗಸರು ಸೀರೆ ಬಳೆಗೆ ಸುರಿಯುತ್ತಾರೆ ಎಂಬುದು ಕೊಡುವವರ ಗಟ್ಟಿ ನಂಬಿಕೆ. ಈ ನಂಬಿಕೆ ನಮ್ಮ ಊರುಗಳಲ್ಲಿಯೂ ಇಲ್ಲದಿಲ್ಲ. ಹಬ್ಬಕ್ಕೆ ಮನೆಗೆಲಸದವಳಿಗೆ ಸೀರೆ ಕೊಡುವ ಯಜಮಾನಿ, ಅದೇ ಬೆಲೆಯ ಹಣವನ್ನು ಅವಳ ಕೈಗಿಡಲು ಹಿಂದೆಮುಂದೆ ನೋಡುವುದಿಲ್ಲವೆ? ಸೀರೆ ಕೊಟ್ಟರೆ ಕೊಟ್ಟವರ ಹೆಸರು ಉಳಿಯುತ್ತದೆ. ಹಣ ಕೊಟ್ಟರೆ ಅದು ತೆಗೆದುಕೊಂಡವಳ ಇಚ್ಛೆಗೆ ಸೇರಿ ಹೋಗುತ್ತದೆ.

ಈಗ ಆ ಉತ್ತರ ಬದಲಾಗಿದೆ. ಯುದ್ಧದಿಂದ ಓಡಿ ಬಂದ ಸಿರಿಯಾದ ತಾಯಂದಿರಿಗೆ ಹಣ ಸಲ್ಲುತ್ತಿದ್ದ ವರ್ಷಗಳಿಗೂ, ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರಿನ ಗೃಹಿಣಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಜಮೆಯಾಗತೊಡಗಿದ ಕಾಲಕ್ಕೂ ಬಹಳ ಅಂತರವಿಲ್ಲ. ಒಬ್ಬಳು ನಿರಾಶ್ರಿತೆ, ಇನ್ನೊಬ್ಬಳು ತನ್ನ ಮನೆಯಲ್ಲಿಯೇ ಇರುವವಳು. ಆದರೂ ಹಣ ಕೈಗೆ ಬಂದಾಗ ಇಬ್ಬರ ಮುಂದೆಯೂ ಏಳುವ ಪ್ರಶ್ನೆ ಒಂದೇ: ಇದು ಯಾರದು? ಇದನ್ನು ಯಾತಕ್ಕೆ ಖರ್ಚು ಮಾಡಿದರೆ ನಾಲ್ಕು ಜನ ಮೆಚ್ಚುತ್ತಾರೆ, ಯಾತಕ್ಕೆ ಮಾಡಿದರೆ ಆಡಿಕೊಳ್ಳುತ್ತಾರೆ?

ಈ ಪ್ರಶ್ನೆ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಎಲೀನರ್ ರಾತ್‌ಬೋನ್ ಎಂಬ ಮಹಿಳೆ 1924ರಲ್ಲಿಯೇ ಪುಸ್ತಕ ಬರೆದು, ಮಕ್ಕಳ ಪೋಷಣೆಗೆ ಸರಕಾರ ನೇರವಾಗಿ ಹಣ ಕೊಡಬೇಕೆಂದು ವಾದಿಸಿದಳು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸರಕಾರ ಒಪ್ಪಿತು. ಆದರೆ 1945ರ ಮಸೂದೆಯ ಮೊದಲ ಕರಡಿನಲ್ಲಿ ಹಣ ತಂದೆಗೆ ಸೇರಬೇಕೆಂದಿತ್ತು. ಮನೆಯ ಯಜಮಾನ ಅವನೇ ತಾನೆ! ರಾತ್‌ಬೋನ್ ಸಿಡಿದೆದ್ದಳು, ಪಾರ್ಲಿಮೆಂಟಿನಲ್ಲಿ ಚರ್ಚೆ ನಡೆದು, ಹಣ ತಾಯಿಗೇ ಸಲ್ಲುವಂತೆ ತಿದ್ದುಪಡಿಯಾಯಿತು. 1946ರ ಆಗಸ್ಟಿನಿಂದ ಎರಡನೆಯ ಮಗುವಿನಿಂದ ಮೊದಲುಗೊಂಡು ಪ್ರತಿ ಮಗುವಿಗೆ ವಾರಕ್ಕೆ ಐದು ಶಿಲಿಂಗಿನಂತೆ ತಾಯಂದಿರು ಅಂಚೆ ಕಚೇರಿಯಲ್ಲಿ ಹಣ ಪಡೆದರು. ಅದನ್ನು ಕಾಣಲು ರಾತ್‌ಬೋನ್ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದಳು. ಮುಂದೆ 1970ರ ದಶಕದ ಕೊನೆಯಲ್ಲಿ ಅದೇ ದೇಶದಲ್ಲಿ ತಂದೆಯ ತೆರಿಗೆಯಲ್ಲಿ ಸಿಗುತ್ತಿದ್ದ ರಿಯಾಯಿತಿಯನ್ನು ತೆಗೆದು ಆ ಮೊತ್ತವನ್ನೂ ತಾಯಿಯ ಕೈಗೆ ಕೊಡುವ ಏರ್ಪಾಡಾಯಿತು. ಮನೆಯ ಒಟ್ಟು ವರಮಾನ ಹೆಚ್ಚುಕಡಿಮೆ ಅಷ್ಟೇ. ಹಣ ಗಂಡನ ಜೇಬಿನಿಂದ ಹೆಂಡತಿಯ ಚೀಲಕ್ಕೆ ಬಂತು, ಅಷ್ಟೆ. ಅರ್ಥಶಾಸ್ತ್ರಜ್ಞರು ಆ ಬಳಿಕದ ಲೆಕ್ಕ ತೆಗೆದು ನೋಡಿದಾಗ, ಗಂಡಸರ ಉಡುಪಿಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಉಡುಪಿಗೆ ಆಗುವ ಖರ್ಚು ಏರಿತ್ತು. ಮನೆ ಎಂಬುದು ಒಂದೇ ಗಂಟು, ಯಾರ ಕೈಗೆ ಕೊಟ್ಟರೂ ಒಂದೇ ಎಂಬ ಮಾತು ಸುಳ್ಳಾಯಿತು.

ನಿರಾಶ್ರಿತರ ವಿಷಯದಲ್ಲಿ ಈ ಪಾಠ ತಲುಪಲು ಇನ್ನೂ ತಡವಾಯಿತು. ಜೋರ್ಡಾನಿನ ಝಾತರಿ ಎಂಬಲ್ಲಿ 2012ರ ಜುಲೈಯಲ್ಲಿ ಸಿರಿಯಾದವರಿಗಾಗಿ ಶಿಬಿರ ತೆರೆದಾಗ ಮೊದಮೊದಲು ಕೊಟ್ಟದ್ದು ಸಿದ್ಧ ಆಹಾರ, ಆಮೇಲೆ ಕಾಗದದ ಚೀಟಿ, ಆಮೇಲೆ ಕಾರ್ಡು. 2016ರಿಂದ ಅಲ್ಲಿಯ ಅಂಗಡಿಯಲ್ಲಿ ಕಣ್ಣಿನ ಪಾಪೆಯನ್ನು ಯಂತ್ರಕ್ಕೆ ತೋರಿಸಿ ದಿನಸಿ ಕೊಳ್ಳುವ ಪದ್ಧತಿ ಬಂತು. ತುರ್ಕಿಯಲ್ಲಿ ಅದೇ ವರ್ಷದ ಕೊನೆಯಲ್ಲಿ ಯುರೋಪಿನ ದೇಶಗಳ ಹಣದಿಂದ ನಿರಾಶ್ರಿತ ಕುಟುಂಬಗಳಿಗೆ ತಲೆಗೆ ಇಷ್ಟು ಲಿರಾ ಎಂದು ತಿಂಗಳ ಹಣ ಆರಂಭವಾಯಿತು. ಯಾರಿಗೆ ಮೊದಲು ಎಂಬ ಪಟ್ಟಿಯಲ್ಲಿ ಒಂಟಿ ಹೆಂಗಸರು, ಒಬ್ಬರೇ ಮಕ್ಕಳನ್ನು ಸಾಕುವವರು, ನಾಲ್ಕು ಅಥವಾ ಹೆಚ್ಚು ಮಕ್ಕಳಿರುವ ಮನೆಗಳು ಇದ್ದುವು.

ಲೆಬನಾನಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 2013ರ ನವೆಂಬರಿನಿಂದ 2014ರ ಏಪ್ರಿಲಿನವರೆಗೆ, ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿ, ಹಿಮ ಬೀಳುವ ಊರುಗಳಲ್ಲಿ ನೆಲಸಿದ್ದ ನಿರಾಶ್ರಿತರಿಗೆ ಚಳಿ ಕಾಯಿಸಿಕೊಳ್ಳಲೆಂದು ಹಣ ಕೊಟ್ಟರು. ಒಲೆ, ಸೀಮೆಎಣ್ಣೆ, ಕಂಬಳಿಗೆಂದು ಲೆಕ್ಕ ಹಾಕಿದ ಹಣ. ಜನ ಅದರಲ್ಲಿ ಬಹುಪಾಲನ್ನು ಅನ್ನನೀರಿಗೆ ಖರ್ಚು ಮಾಡಿದರು. ಚಳಿಯಿಲ್ಲದೆ ಅಲ್ಲ, ಹಸಿವು ಚಳಿಗಿಂತ ಮುಂದಾಗಿತ್ತು. ತನಿಖೆ ಮಾಡಿದವರಿಗೆ ಕುಡಿತ, ತಂಬಾಕುಗಳ ಖರ್ಚು ಏರಿದ ಗುರುತೇನೂ ಸಿಗಲಿಲ್ಲ. ಮಕ್ಕಳನ್ನು ದುಡಿಯಲು ಕಳಿಸುವುದು ಕಡಿಮೆಯಾಗಿತ್ತು. ಮನೆಯೊಳಗಿನ ಜಗಳವೂ ತಗ್ಗಿತ್ತು. ಕಂಬಳಿಯನ್ನೇ ಕೊಟ್ಟಿದ್ದರೆ ಅವರೇನು ಮಾಡುತ್ತಿದ್ದರು? ಎಲ್ಲ ದೇಶದ ನಿರಾಶ್ರಿತರೂ ಮಾಡುವಂತೆ ಅರ್ಧ ಬೆಲೆಗೆ ಮಾರಿ ರೊಟ್ಟಿ ತರುತ್ತಿದ್ದರು.

ನಮ್ಮ ಕರ್ನಾಟಕಕ್ಕೂ ನಿರಾಶ್ರಿತರ ವಿಷಯ ಹೊಸತಲ್ಲ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಮೈಸೂರು ಸರಕಾರ ಬೈಲಕುಪ್ಪೆಯಲ್ಲಿ 1960ರಲ್ಲಿ ಟಿಬೆಟ್ಟಿನವರಿಗೆ ಕಾಡುಭೂಮಿ ಕೊಟ್ಟಿತು. 1966ರಲ್ಲಿ ಮುಂಡಗೋಡಿನ ನೆಲೆ ಆರಂಭವಾಯಿತು. ಹಾವೇರಿಯ ಪಶ್ಚಿಮಕ್ಕೆ, ಮಲೆನಾಡಿನ ಅಂಚಿನಲ್ಲಿದೆ. ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಯಲ್ಲಿಯೂ ನೆಲೆಗಳಾದುವು. ಹೀಗೆ ಬಂದವರನ್ನು ನೆಲೆಗೊಳಿಸುವುದಕ್ಕೆಂದೇ 1968ರಲ್ಲಿ ಕ್ಯಾಪ್ಟನ್ ವಿಲಿಯಂ ಡೇವಿನ್‌ಸನ್ ಎಂಬವರು ಒಂದು ಸಂಸ್ಥೆ ಕಟ್ಟಿದರು. ಅದರ ಹೆಸರೇ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಮೈರಾಡ ಎನ್ನುತ್ತಾರೆ. 1982ರ ಹೊತ್ತಿಗೆ ಸುಮಾರು ಹದಿನೈದು ಸಾವಿರ ಟಿಬೆಟ್ಟಿನವರ ನೆಲೆಯ ಕೆಲಸ ಮುಗಿಸಿ ಸಂಸ್ಥೆ ನಮ್ಮ ಹಳ್ಳಿಗಳ ಬಡವರ ಕಡೆಗೆ ತಿರುಗಿತು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿರಾಶ್ರಿತರಿಗೆಂದು ಹುಟ್ಟಿದ ಈ ಸಂಸ್ಥೆ ನಮ್ಮ ಹೆಣ್ಣುಮಕ್ಕಳ ಕೈಗೆ ಹಣ ಬಂದ ಕಥೆಯಲ್ಲಿ ದೊಡ್ಡ ಪಾತ್ರ ವಹಿಸಿದೆ. ಮೈರಾಡ ಮೊದಲು ಹಳ್ಳಿಗಳಲ್ಲಿ ದೊಡ್ಡ ಸಹಕಾರಿ ಸಂಘಗಳಿಗೆ ಬೆಂಬಲ ಕೊಟ್ಟಿತು. 1984-85ರ ಸುಮಾರಿಗೆ ಅವುಗಳಲ್ಲಿ ಕೆಲವು ಮುರಿದುಬಿದ್ದುವು; ಬಲವಿದ್ದವರು ಎಲ್ಲವನ್ನೂ ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಸಾಲ ತೆಗೆದುಕೊಂಡಿದ್ದ ಬಡವರು ಕೆಲವರು, “ಆ ದೊಡ್ಡ ಸಂಘಕ್ಕೆ ಮರಳಿ ಕಟ್ಟೆವು, ನಿಮಗೆ ಕಟ್ಟುತ್ತೇವೆ” ಎಂದರು. ಸಂಸ್ಥೆಯವರು, “ನಮಗೂ ಬೇಡ, ನಿಮ್ಮನಿಮ್ಮಲ್ಲಿಯೇ ಇಟ್ಟುಕೊಳ್ಳಿ” ಎಂದರು. ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನ ಕೂಡಿ ಕುಳಿತರು. ವಾರಕ್ಕೆ ಇಷ್ಟೆಂದು ಉಳಿಸಿದರು. ಯಾರಿಗೆ ಯಾತಕ್ಕೆ ಕೊಡಬೇಕೆಂದು ತಾವೇ ತೀರ್ಮಾನಿಸಿದರು. 1987ರಲ್ಲಿ ನಬಾರ್ಡ್ ಬ್ಯಾಂಕು ಈ ಸಂಘಗಳ ಉಳಿತಾಯಕ್ಕೆ ಸರಿಸಾಟಿಯಾಗಿ ಕೊಡಲು ಹತ್ತು ಲಕ್ಷ ರೂಪಾಯಿ ನೀಡಿತು. 1992ರಲ್ಲಿ ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ದೇಶಾದ್ಯಂತ ಆರಂಭವಾಯಿತು. 2000ದ ಬಳಿಕ ನಮ್ಮ ಸರಕಾರದ ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಗೂ ಬಂದುವು.

ಸಂಘದ ಹಣ ಮನೆಯ ಒಪ್ಪಿತ ನೀತಿಯನ್ನು ಒಡೆಯದೆ, ಅದರ ಪಕ್ಕದಲ್ಲಿ ಇನ್ನೊಂದು ನೀತಿಯನ್ನು ಕಟ್ಟಿತು ಎನ್ನಬೇಕು. ನಮ್ಮ ಕಡೆ ಹಿಂದಿನಿಂದಲೂ ಹೆಣ್ಣಿನ ಹಣವೆಂಬುದು ಇತ್ತು. ಬೆಣ್ಣೆ ಮಾರಿದ್ದು, ಕೋಳಿ ಮೊಟ್ಟೆ ಮಾರಿದ್ದು, ತವರಿನವರು ಉಡಿಯಲ್ಲಿ ಹಾಕಿದ್ದು. ಅದು ಸಾಸಿವೆ ಡಬ್ಬಿಯ ಹಣ, ಬಚ್ಚಿಟ್ಟ ಹಣ. ಗಂಡ ಕೇಳಿದರೆ “ಎಲ್ಲೈತ್ರೀ” ಎನ್ನುವ ಹಣ. ಸಂಘಕ್ಕೆ ಕಟ್ಟಿದ ಹಣವನ್ನು ಬಚ್ಚಿಡಬೇಕಾಗಿಲ್ಲ. “ಸೋಮವಾರ ಸಂಘಕ್ಕ ಕಟ್ಟಬೇಕ್ರೀ, ಕಟ್ಟದಿದ್ರ ಮಂದಿ ಏನಂದಾರು?” ಎಂದರೆ ಗಂಡನೂ ಸುಮ್ಮನಾಗುತ್ತಾನೆ. ನಾಲ್ಕು ಜನರ ಮಾತಿನ ಭಯ ಹೆಣ್ಣನ್ನು ಸದಾ ಕಟ್ಟಿಹಾಕುವುದೇ ಹೆಚ್ಚು. ಇಲ್ಲಿ ಅದೇ ಭಯ ಅವಳ ಗಂಟಿಗೆ ಕಾವಲಾಯಿತು.

ಗೃಹಲಕ್ಷ್ಮಿಯ ಹಣ ಬೇರೆ ಬಗೆಯದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಈ ಯೋಜನೆ ಆರಂಭವಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವ ಹೆಂಗಸಿಗೆ ತಿಂಗಳಿಗೆ 2,000 ರೂಪಾಯಿ. ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು. ರಾಜ್ಯದಲ್ಲಿ ಒಂದು ಕೋಟಿಗೂ ಮಿಕ್ಕಿ ಯಜಮಾನಿಯರು ಹೆಸರು ಬರೆಸಿದರು. ಹೀಗೆಯೇ ಖರ್ಚು ಮಾಡಬೇಕೆಂಬ ಷರತ್ತಿಲ್ಲ. ಇದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಮೆಕ್ಸಿಕೋ ದೇಶದಲ್ಲಿ 1997ರಲ್ಲಿ ತಾಯಂದಿರಿಗೆ ಹಣ ಕೊಡಲು ಆರಂಭಿಸಿದಾಗ ಮಕ್ಕಳನ್ನು ಶಾಲೆಗೆ ಕಳಿಸಬೇಕು, ದವಾಖಾನೆಗೆ ಒಯ್ಯಬೇಕು ಎಂದು ಕಟ್ಟುಪಾಡು ಹಾಕಿದರು. ಮಕ್ಕಳಿಗೆ ಪ್ರಯೋಜನವಾಯಿತು, ನಿಜ. ಆದರೆ ಓಡಾಟವೆಲ್ಲ ತಾಯಿಯ ತಲೆಗೇ ಬಂತು; ತಂದೆಗೆ ಯಾವ ಷರತ್ತೂ ಇರಲಿಲ್ಲ.

ಎರಡು ಸಾವಿರ ಎಷ್ಟು? 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಇದು ಐದೂವರೆ ದಿನದ ಕೂಲಿಯೂ ಆಗದು. ಬ್ಯಾಡಗಿಯ ಪೇಟೆಗೆ ಬರುವ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳಿಗೆ, ರಾಣೇಬೆನ್ನೂರು ಸುತ್ತಿನ ಹೊಲಗಳಲ್ಲಿ ಸಂಕರ ಬೀಜಕ್ಕಾಗಿ ಹೂವಿಗೆ ಹೂವು ಕೂಡಿಸುವವಳಿಗೆ ಇದು ಕೂಲಿ ಬಿಡಿಸುವ ಹಣವಲ್ಲ. ಆದರೆ ಕೂಲಿಗೂ ಇದಕ್ಕೂ ಒಂದು ಭೇದವಿದೆ. ಕೂಲಿ ಬರುವ ದಿನವೇ ಅಂಗಡಿಯ ಉದ್ರಿಗೆ ಹೋಗುತ್ತದೆ. ಇದು ಯಾರ ದುಡಿತಕ್ಕೂ ಅಂಟದೆ, ಗಟ್ಟಿಯಾಗಿ ಬರುತ್ತದೆ. ಕಂತುಗಳು ತಿಂಗಳುಗಟ್ಟಲೆ ತಡವಾದದ್ದೂ ಉಂಟು. ಆಗ ಗಟ್ಟಿತನವೇ ಹೋಗಿ, ಇದನ್ನು ನಂಬಿ ಚೀಟಿ ಹಾಕಿದವಳು ಬಾಯಿ ಕೇಳಬೇಕಾಗುತ್ತದೆ.

ಇನ್ನು ಯಜಮಾನಿ ಯಾರು? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಪಡಿತರ ಚೀಟಿಯ ಮಟ್ಟಿಗೆ ಮನೆಯ ಹದಿನೆಂಟು ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೇ ಯಜಮಾನಿ. ಗಂಡಸಿನ ಹೆಸರನ್ನು ಕೆಳಗಿಳಿಸಿ ಹೆಂಗಸಿನ ಹೆಸರನ್ನು ಮೇಲಿಟ್ಟ ಈ ಕಾಯಿದೆ ಸಣ್ಣ ಮಾತಲ್ಲ. ಆದರೆ ಕೂಡಿದ ಮನೆಯಲ್ಲಿ ಹಿರಿಯಳೆಂದರೆ ಅತ್ತೆ. ಕೂಸು ಸಾಕುವವಳು ಸೊಸೆ. 2023ರಲ್ಲಿ ಯೋಜನೆಯ ಸುದ್ದಿ ಹರಡಿದ ಕೂಡಲೆ ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ ಕಟ್ಟೆಕಟ್ಟೆಗಳಲ್ಲಿ ನಡೆಯಿತು, ನಗೆಚಾಟಿಕೆಗಳೂ ಹುಟ್ಟಿದುವು. ನಗೆಯ ಹಿಂದಿನ ಸಂಗತಿ ಮಾತ್ರ ನಗೆಯದಲ್ಲ.

ಮೇಡ್ಲೇರಿಯಂಥ ಊರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅತ್ತೆಯ ಖಾತೆಗೆ ಹಣ ಬಂದಿದೆ. ಬಂದ ಸುದ್ದಿ ಮಗನ ಫೋನಿಗೆ ಮುಟ್ಟಿದೆ, ಏಕೆಂದರೆ ಖಾತೆಗೆ ಕೊಟ್ಟ ನಂಬರು ಅವನದು. ಸೊಸೆ ಒಲೆಯ ಮುಂದಿನಿಂದಲೇ ಮಾತು ತೆಗೆಯುತ್ತಾಳೆ: “ಅತ್ತೀ, ಕೂಸಿಗೆ ಔಷಧ ತೀರೇತ್ರೀ.” ಅತ್ತೆ: “ನಿಮ್ಮ ಮಾವಗ ಗುಳಿಗಿ ತರೂದೈತವ್ವಾ. ಉಳದ್ರ ನೋಡೂಣಂತ.” ಇದರಲ್ಲಿ ಅತ್ತೆಯ ಕ್ರೌರ್ಯ ಹುಡುಕಬೇಕಾಗಿಲ್ಲ. ಈಕೆ ಸೊಸೆಯಾಗಿದ್ದಾಗ ಈಕೆಯ ಹೆಸರಿಗೆ ಒಂದು ಬಿಲ್ಲಿಯೂ ಬಂದಿರಲಿಲ್ಲ. ಅರವತ್ತರ ಮೇಲೆ ಮೊದಲ ಸಲ ಬ್ಯಾಂಕಿನ ಪುಸ್ತಕ ಕೈಗೆ ಬಂದಿದೆ. ಆದರೆ ಕೂಸಿನ ಪಾಲು “ಉಳಿದದ್ದು” ಆಯಿತೆಂಬುದೂ ಅಷ್ಟೇ ನಿಜ. ಸರಕಾರ ಹಣವನ್ನು ಹೆಣ್ಣಿಗೆ ಕೊಟ್ಟಿತು. ಯಾವ ಹೆಣ್ಣಿಗೆ ಎಂಬುದನ್ನು ಮನೆಯ ಸಂಪ್ರದಾಯವೂ ಕಾಯಿದೆಯೂ ಕೈಗೂಡಿ ತೀರ್ಮಾನಿಸಿದುವು. ಹೀಗಲ್ಲದೆಯೂ ನಡೆಯುತ್ತದೆ. ಗದಗ ಜಿಲ್ಲೆಯ ಗಜೇಂದ್ರಗಡದಲ್ಲಿ ಅತ್ತೆ ಸೊಸೆಯರು ಈ ಹಣವನ್ನು ಕೂಡಿಟ್ಟು ಹೊಲದಲ್ಲಿ ಕೊಳವೆಬಾವಿ ತೋಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಬಸುರಿ ಬಾಣಂತಿಯರಿಗೆಂದೇ ಬೇರೆ ಹಣವುಂಟಲ್ಲ ಎನ್ನಬಹುದು. ಉಂಟು. 2017ರಿಂದ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲ ಕೂಸಿಗೆ 5,000 ರೂಪಾಯಿ ತಾಯಿಯ ಖಾತೆಗೇ ಬರುತ್ತದೆ. 2022ರ ಬಳಿಕ ಎರಡನೆಯದು ಹೆಣ್ಣಾದರೆ 6,000. ಇಲ್ಲಿ ಇನ್ನೊಂದು ತೊಡಕು. ಸರಕಾರದ ಪಾಲಿಗೆ ಹೆಂಗಸಿಗೆ ಮನೆ ಒಂದೇ. ನಮ್ಮ ರೂಢಿಯಲ್ಲಿ ಎರಡು. ಕುಬಸವಾದ ಮೇಲೆ ಮಗಳು ತವರಿಗೆ ಬರುತ್ತಾಳೆ. ಹೆರಿಗೆ ಅಲ್ಲಿಯೇ, ಬಾಣಂತನ ಅಲ್ಲಿಯೇ, ಕೂಸಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಗಂಡನ ಮನೆ. ಅವಳ ಚೀಟಿ ಒಂದೂರಿನ ಅಂಗನವಾಡಿಯಲ್ಲಿ, ಅವಳು ಇನ್ನೊಂದೂರಿನ ಹೊರಸಿನ ಮೇಲೆ. ಕಾಗದ ಹಿಡಿದು ಓಡಾಡುವವನು ತಮ್ಮನೋ ಮೈದುನನೋ. ಬಾಣಂತಿ ತಾನಾಗಿ ಹೊರಗೆ ಬರುವಂತಿಲ್ಲ.

ಇದೇ ಮಾತು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಗೂ ಅನ್ವಯಿಸಿತು. ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ತಿಂಗಳಿಗೆ 25 ದಿನ ಬಿಸಿ ಊಟ. ಮನೆಗೆ ದಿನಸಿ ಕೊಟ್ಟರೆ ಎಲ್ಲರ ಹೊಟ್ಟೆಗೆ ಹಂಚಿಹೋಗುತ್ತದೆ, ಆದ್ದರಿಂದ ತಾಯಿಯೇ ಅಂಗನವಾಡಿಗೆ ಬಂದು ಉಣ್ಣಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಸುತ್ತಿ, ಕೆಂಡದ ಕಾವು ಹಿಡಿದು ಮಲಗಬೇಕಾದ ಬಾಣಂತಿ ಹಸಿಮೈಯಲ್ಲಿ ಬೀದಿ ದಾಟಿ ಊಟಕ್ಕೆ ಹೋಗುವುದುಂಟೆ? ಅವಳಿಗೆ ಮನೆಯಲ್ಲಿ ಅಳವಿ ಪಾಯಸ, ಅಂಟಿನುಂಡೆ, ಬೆಳ್ಳುಳ್ಳಿ ಹಾಕಿದ ಸಾರು ಕಾದಿರುತ್ತವೆ. ಮೊದಲ ದಿನಗಳಲ್ಲಿ ಬರುವವರ ಸಂಖ್ಯೆ ಹಲವು ಕಡೆ ಕಡಿಮೆಯಿತ್ತು. ಅವರನ್ನು ಮೂಢರೆಂದು ಬಯ್ಯುವುದು ಸುಲಭ. ಅಂಟಿನುಂಡೆಗೆ ಬೇಕಾದ ಒಣಕೊಬ್ಬರಿ, ಉತ್ತತ್ತಿ, ತುಪ್ಪಗಳ ಬೆಲೆಯನ್ನು ತವರಿನ ತಾಯಿ ಎಲ್ಲಿಂದ ತರುತ್ತಾಳೆಂದು ಯಾರೂ ಕೇಳಲಿಲ್ಲ. ಹಣ ಸಿಕ್ಕಿದ್ದರೆ ಅವಳು ಕೊಳ್ಳುತ್ತಿದ್ದುದು ಇದನ್ನೇ.

ಮರ್ಯಾದೆಯ ವಿಷಯವೂ ಇದೆ. 2019ರ ಆಗಸ್ಟಿನಲ್ಲಿ ವರದಾ, ತುಂಗಭದ್ರಾ ನದಿಗಳು ಉಕ್ಕಿ ಹಾವೇರಿ ಜಿಲ್ಲೆಯ ದಡದ ಊರುಗಳಿಗೆ ನುಗ್ಗಿದುವು. ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ತಾಯಂದಿರು ಶಾಲೆ, ಸಮುದಾಯ ಭವನಗಳನ್ನು ಸೇರಿದರು. ತಮ್ಮ ತಾಲ್ಲೂಕಿನಲ್ಲಿಯೇ ಕೆಲದಿನದ ನಿರಾಶ್ರಿತರಾದರು. ಅಂಥ ಕಡೆಗೆ ಆಗ ಗಂಜಿ ಕೇಂದ್ರವೆಂದು ಹೆಸರು. ಹತ್ತು ಎಕರೆ ಹೊಲದ ಒಡತಿ ತಾಟು ಹಿಡಿದು ಗಂಜಿಗೆ ನಿಲ್ಲುವುದೆಂದರೆ ಏನು! ಈಚೆಗೆ ಆ ಹೆಸರನ್ನು ತೆಗೆದು ಕಾಳಜಿ ಕೇಂದ್ರವೆಂದು ಕರೆಯುತ್ತಿದ್ದಾರೆ. ಆ ವರ್ಷ ನೀರು ಹೊಕ್ಕ ಮನೆಗಳಿಗೆ ತುರ್ತಿಗೆಂದು ಹತ್ತು ಸಾವಿರ ರೂಪಾಯಿ ಕೊಟ್ಟರು. ಸಾಲಿನಲ್ಲಿ ನಿಂತು ತಾಟು ಒಡ್ಡುವುದಕ್ಕೂ ಹಣ ಪಡೆದು ತನ್ನ ಒಲೆಗೆ ತಾನೇ ಕಟ್ಟಿಗೆ ತರುವುದಕ್ಕೂ ಇರುವ ಅಂತರವನ್ನು ಆ ತಾಯಂದಿರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗೆಂದು ಹಣವೇ ಎಲ್ಲಕ್ಕೂ ಮದ್ದೆಂದು ಹೇಳಲಾರೆ. ಅಂಗಡಿಯಲ್ಲಿ ಅಕ್ಕಿಯೇ ಇಲ್ಲದಿದ್ದರೆ ನೋಟನ್ನು ಬೇಯಿಸಲಾಗದು. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಆರಂಭದಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ನಿಶ್ಚಯಿಸಿದರು. ಅಕ್ಕಿ ಬಂದರೆ ಅಡುಗೆಮನೆಗೆ ನೇರ ಬರುತ್ತದೆ, ಹಣವಾದರೆ ದಾರಿಯಲ್ಲಿ ತಡೆಯುವ ಕೈಗಳು ಹಲವು ಎನ್ನುವ ಹೆಂಗಸರಿದ್ದಾರೆ. ಅವರ ಮಾತನ್ನು ತಳ್ಳಿಹಾಕಬಾರದು. ಗಂಡ ಕುಡುಕನಾದ ಮನೆಯಲ್ಲಿ ಮೂಟೆಯೇ ಮೇಲು.

ಖರ್ಚಿನ ಬಗೆಗೂ ಒಂದು ಮಾತು. ಗೃಹಲಕ್ಷ್ಮಿಯ ಹಣದಲ್ಲಿ ಗುಡ್ಡಕ್ಕೆ ಹೋಗಿ ಯಲ್ಲಮ್ಮನಿಗೆ ಹರಕೆ ತೀರಿಸಿದರು, ಜಾತ್ರೆಗೆ ಹೋದರು ಎಂದು ಪಟ್ಟಣದ ನಾವು ಕುಹಕವಾಡುತ್ತೇವೆ. ಬೆಳಗಾವಿ ಜಿಲ್ಲೆಯ ಒಬ್ಬ ಅಜ್ಜಿ 2024ರಲ್ಲಿ ಈ ಹಣದಿಂದ ಊರ ಜನಕ್ಕೆ ಹೋಳಿಗೆ ಊಟ ಹಾಕಿಸಿದಳು; ನಾಡೆಲ್ಲ ಸುದ್ದಿಯಾಯಿತು. ಪೋಷಣೆಯ ಲೆಕ್ಕದಲ್ಲಿ ಅದು ಎಲ್ಲಿಯೂ ಸೇರದು. ಆದರೆ ಜನ್ಮವಿಡೀ ಇತರರ ಮನೆಯ ಪಂಕ್ತಿಯಲ್ಲಿ ಉಂಡು ಬಂದವಳಿಗೆ ಒಮ್ಮೆ ತಾನೂ ಬಡಿಸುವ ಆಸೆ ಇರುವುದಿಲ್ಲವೆ? ಮುಯ್ಯಿ ತೀರಿಸದವಳಿಗೆ ಊರಲ್ಲಿ ತಲೆಯೆತ್ತಲಾಗದು. ಮುಂಡಗೋಡಿನ ಟಿಬೆಟ್ಟಿನ ತಾಯಿ ಚಳಿಗಾಲದಲ್ಲಿ ದೂರದ ಪಟ್ಟಣಗಳ ಬೀದಿಬದಿಯಲ್ಲಿ ಸ್ವೆಟರು ಮಾರಿ, ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು, ಗಳಿಸಿದ್ದರಲ್ಲಿ ಮಠದ ದೀಪದ ಬೆಣ್ಣೆಗೂ ಪಾಲು ತೆಗೆದಿಡುತ್ತಾಳೆ. ದೇಶ ಬಿಟ್ಟು ಬಂದವರಿಗೆ ಅದು ದುಂದಲ್ಲ. ತಾವು ಇನ್ನೂ ತಾವೇ ಎಂಬುದಕ್ಕೆ ಸಾಕ್ಷಿ.

ಪಟ್ಟಣದ ಓದುಗರು ತಮ್ಮ ಮನೆಗೆ ಬರುವ ಹೆಣ್ಣುಮಕ್ಕಳಿಗೆ ಎರಡು ಸಂಗತಿ ತಿಳಿಸಿಕೊಡಬಹುದು. ಖಾತೆಗೆ ಜೋಡಿಸಿದ ಫೋನ್ ನಂಬರು ಅವರದೇ ಆಗಿದ್ದರೆ ಹಣ ಬಂದ ಸುದ್ದಿ ಮೊದಲು ಅವರಿಗೇ ಮುಟ್ಟುತ್ತದೆ. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟರೆ ನಂಬರು ಬದಲಿಸುತ್ತಾರೆ. ಇನ್ನೊಂದು, ಚೀಟಿಯಲ್ಲಿ ಯಜಮಾನಿಯಾಗಿದ್ದ ಅತ್ತೆ ತೀರಿಕೊಂಡರೆ ಹಣ ತಾನಾಗಿ ಸೊಸೆಗೆ ಬರುವುದಿಲ್ಲ. ಮೊದಲು ಪಡಿತರ ಚೀಟಿಯಲ್ಲಿ ಹೆಸರು ತಿದ್ದಿಸಬೇಕು. ಆಮೇಲೆ ಹೊಸದಾಗಿ ಹೆಸರು ಬರೆಸಬೇಕು. ಹದಿಮೂರು ದಿನದ ಕಾರ್ಯ ಮುಗಿಯುವ ಮೊದಲೇ ಆ ಮಾತೆತ್ತಿದರೆ ಸೊಸೆಗೆ ಕೆಟ್ಟ ಹೆಸರು; ಎತ್ತದೆ ಕುಳಿತರೆ ಕೂಸಿನ ತಿಂಗಳುಗಳು ಹೋಗುತ್ತವೆ. ಆ ಮಾತನ್ನು ಅಂಗನವಾಡಿಯ ಅಕ್ಕನೋ ಸಂಘದ ಹಿರಿಯಳೋ ಬಂದು ತಾನಾಗಿ ಎತ್ತಿದರೆ ಮನೆಯವರು ಬೇಸರಪಡುವುದಿಲ್ಲ.